ಕಾಣದ ಬಾಯಿಯ ಹಲ್ಲು

ಜೂನ್ ೧೬

ಚೂಟಿಗೆ ಅಪ್ಪನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ನೀನೂ ಚಿಕ್ಕಮ್ಮನೂ ಚೆನ್ನಾಗಿದ್ದೀರಿ ಅಂತ ಮೊನ್ನೆ ಫೋನಿನಲ್ಲೇ ಗೊತ್ತಾಯಿತು, ಆದ್ದರಿಂದ ಆ ಸಾಲು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಫೋನಿನಲ್ಲಿ ನಾವಿಬ್ಬರೂ ಕಿವುಡರ ಹಾಗೆ ಕೂಗಿ, ಊಟ ಆಯ್ತಾ, ಆಯ್ತು, ನಿಂದು, ನಂದೂ ಆಯ್ತು ಅಂದು ಇಟ್ಟುಬಿಡುತ್ತೇವೆ. ಇಷ್ಟು ದೂರದಿಂದ ಊಟದ ವರದಿ ತಗೊಂಡು ಏನು ಮಾಡೋದು? ಕಾಗದವೇ ಸರಿ. ಕಾಗದದಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ಶಾಲೆಯಲ್ಲಿ ಯಾರಾದರೂ ನಿಮ್ಮಪ್ಪ ಹೊರದೇಶದಲ್ಲಿ ಏನು ಮಾಡ್ತಾರೆ ಅಂತ ಕೇಳಿದರೆ 'ದಂತ ವೈದ್ಯಕೀಯ' ಅಂತ ಹೇಳ್ತೀಯಂತೆ. ಚಿಕ್ಕಮ್ಮ ಹೇಳಿದಳು. ಹಾಗೆಲ್ಲ ಹೇಳಬೇಡ ಕಣೇ. ವೈದ್ಯರು ಬಾಯಿ ನೋಡುತ್ತಾರೆ, ನಾನು ಡಬ್ಬಿ ನೋಡುತ್ತೇನೆ. ಬೆಳಿಗ್ಗೆ ಲ್ಯಾಬಿಗೆ ಹೋದರೆ ಮೇಜಿನ ಮೇಲೆ ಡಬ್ಬಿಗಳು ಕೂತಿರುತ್ತವೆ. ಒಳಗೆ ಯಾರದೋ ವಸಡಿನ ಅಚ್ಚು. ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆ ಮಾಡು, ಮೇಣ ಕಟ್ಟು, ಹಲ್ಲು ಜೋಡಿಸು, ಬೇಯಿಸು, ಉಜ್ಜಿ ಹೊಳಪು ಕೊಡು, ಮತ್ತೆ ಡಬ್ಬಿಗೆ ಹಾಕು. ಗಂಡಸೋ ಹೆಂಗಸೋ, ಮುಂಗೋಪಿಯೋ ಸಾಧುವೋ, ಡಬ್ಬಿಯ ಮೇಲೆ ಬರೀ ನಂಬರು.

ರೂಮಿನ ಜೊತೆಗಾರ ಬೇಕರಿಯವನು ಹಾಗೇ ಇದ್ದಾನೆ. ನಾನು ಏಳುವ ಹೊತ್ತಿಗೆ ಅವನು ಮೈತುಂಬ ಹಿಟ್ಟು ಮೆತ್ತಿಕೊಂಡು ಮಲಗಲು ಬರುತ್ತಾನೆ. ನನ್ನ ಮೈಮೇಲೆ ಪ್ಲಾಸ್ಟರ್, ಅವನ ಮೈಮೇಲೆ ಹಿಟ್ಟು. ಮನೆ ಒಡತಿಗೆ ಯಾರು ಯಾರು ಅಂತ ಇನ್ನೂ ಗುರುತು ಹತ್ತಿಲ್ಲ.

ಒಂದೆರಡು ಮಾತು. ಮಂಗಳವಾರ, ಗುರುವಾರ ಸಂಜೆ ಫೋನ್ ಮಾಡಬೇಡ, ನಾನು ಸಿಗುವುದಿಲ್ಲ. ಬೀರುವಿನ ಮೇಲೆ ನನ್ನ ಕಾಲೇಜಿನ ಕಾಲದ ಇಂಗ್ಲಿಷ್ ಡಿಕ್ಷನರಿ ಇದೆ, ರಟ್ಟು ಕಿತ್ತುಹೋಗಿರುವುದು, ಅದನ್ನು ಕಳಿಸು. ಮತ್ತೆ ನೀನು ಜೀವಶಾಸ್ತ್ರದ ಟೀಚರ್ ಅಲ್ಲವಾ, ಮನುಷ್ಯ ನಗುವಾಗ ಮುಖದಲ್ಲಿ ಏನೇನು ನಡೆಯುತ್ತದೆ, ತುಟಿಯನ್ನು ಯಾವುದು ಎಳೆಯುತ್ತದೆ, ಸ್ವಲ್ಪ ಬಿಡಿಸಿ ಬರಿ. ಸುಮ್ಮನೆ ಕೇಳಿದೆ. ಒಂದು ನೀಲಿ ಅಂಗಿ ತಗೊಂಡೆ. ಹಳೆಯದರ ತುಂಬ ಪ್ಲಾಸ್ಟರಿನ ಕಲೆ. ಅವರು ನೋಡಿ ಏನಂದುಕೊಂಡಾರು.

ಯಾವಾಗ ಬರ್ತೀಯ ಅಂತ ನೀನು ಕೇಳಿದ್ದೆ. ವೀಸಾ ಮಾರ್ಚ್ ಕೊನೆಗೆ ಮುಗಿಯುತ್ತದೆ. ನೋಡೋಣ. ಟೈಮ್ ಅಂಡ್ ಟೈಡ್ ವೇಟ್ ಫಾರ್... ಮುಂದಿನದು ಮರೆತಿದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಅಲ್ಲಿಗೆ ಬರುವಷ್ಟರಲ್ಲಿ ಬೆಲ್ ಹೊಡೆದುಬಿಡುತ್ತಿತ್ತು.

ನಿನ್ನ ಅಪ್ಪ


ಜುಲೈ ೮

ಅಪ್ಪ,

ಡಿಕ್ಷನರಿ ಕಳಿಸಿದ್ದೇನೆ. ಈಗ ಸೀದಾ ಕೇಳ್ತೀನಿ, ಸೀದಾ ಹೇಳು. ಯಾರವಳು?

ನಾನೂ ಚಿಕ್ಕಮ್ಮನೂ ನಿನ್ನ ಕಾಗದ ಎದುರಿಗಿಟ್ಟುಕೊಂಡು ಕೂತಿದ್ದೆವು. ನೀಲಿ ಅಂಗಿ. ವಾರಕ್ಕೆ ಎರಡು ಸಂಜೆ ನಾಪತ್ತೆ. 'ಅವರು ಏನಂದುಕೊಂಡಾರು.' ಇಂಗ್ಲಿಷ್ ಡಿಕ್ಷನರಿ. ಇದರ ಮೇಲೆ ನಕ್ಕರೆ ತುಟಿಗೆ ಏನಾಗುತ್ತೆ ಅಂತ ಪ್ರಶ್ನೆ ಬೇರೆ! ಐವತ್ತು ದಾಟಿದ ಗಂಡಸು ಇದನ್ನೆಲ್ಲ ಒಂದೇ ಕಾಗದದಲ್ಲಿ 'ಸುಮ್ಮನೆ' ಕೇಳ್ತಾನಾ? ಚಿಕ್ಕಮ್ಮ ಮೊದಲು ಅತ್ತಳು. "ನಮ್ಮಕ್ಕನ ಜಾಗಕ್ಕೆ..." ಅಂತ ಶುರುಮಾಡಿ ಸೆರಗು ಬಾಯಿಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡೇ, ಭಾವನಿಗೆ ಬಿಸಿಬಿಸಿ ಹಾಕೋರು ಒಬ್ಬರು ಸಿಕ್ಕಿದ್ರೆ ಸಾಕು. ಅವಳಿಗೆ ನಮ್ಮ ಮಾತು ಬರುತ್ತಾ ಕೇಳು" ಅಂದಳು. ಸಂಜೆಯ ಹೊತ್ತಿಗೆ ಅವಳಿಗೆ ಯಾವ ಬಣ್ಣದ ಸೀರೆ ಕೊಡಬೇಕು ಅನ್ನುವವರೆಗೆ ಬಂದಿದ್ದಳು.

ನನಗೆ ಸೀರೆಯ ಚಿಂತೆ ಇಲ್ಲ. ಅಮ್ಮ ಹೋಗಿ ಇಷ್ಟು ವರ್ಷವಾಯಿತು, ನಾನು ಬೇಡ ಅನ್ನಲ್ಲ. ಮುಚ್ಚಿಡಬೇಡ, ಅಷ್ಟೇ.

ಚಿಕ್ಕಮ್ಮನ ಮನೆಯ ನಲ್ಲಿ ಸೋರುತ್ತಿತ್ತು. ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ಬಂದು ಸರಿಮಾಡಿಕೊಟ್ಟರು. ಮಾರ್ಚ್‌ಗೆ ಬರ್ತೀಯ ತಾನೆ? ದಯವಿಟ್ಟು 'ನೋಡೋಣ' ಅಂತ ಬರೀಬೇಡ.

ಚೂಟಿ


ಜುಲೈ ೩೦

ಚೂಟಿಗೆ,

ನಿನ್ನ ಕಾಗದ ಓದಿ ನಾನು ನಕ್ಕ ನಗೆಗೆ ಮಲಗಿದ್ದ ಬೇಕರಿಯವನು ಎದ್ದು ಕೂತು, ಬೆಂಕಿ ಬಿತ್ತಾ ಅಂತ ಕೇಳಿದ.

ಹೌದು, ಒಬ್ಬಳಿದ್ದಾಳೆ. ವಯಸ್ಸು ನಿನ್ನಷ್ಟೇ ಇರಬಹುದು. ದಪ್ಪ ಕನ್ನಡಕ. ಹೋಗುವುದು ತಡವಾದರೆ ಬಾಗಿಲ ಹೊರಗೇ ನಿಲ್ಲಿಸುತ್ತಾಳೆ. ನನ್ನ ಟೀಚರ್ ಕಣೇ! ಚಿಕ್ಕಮ್ಮನಿಗೆ ಹೇಳು, ಸೀರೆ ಅವಳೇ ಉಟ್ಟುಕೊಳ್ಳಲಿ.

ಓದಲು ಸೇರಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗಿ ಮುಚ್ಚಿಟ್ಟಿದ್ದೆ. ಊರಲ್ಲಿ ನನ್ನ ಜೊತೆಯವರು ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟುಬರುತ್ತಿದ್ದಾರೆ, ನಾನು ಚೀಲ ಹಾಕಿಕೊಂಡು ನಾನೇ ಹೋಗುತ್ತಿದ್ದೇನೆ. ಮೊದಲ ದಿನ ಏನಾಯಿತು ಗೊತ್ತಾ? ನೀಲಿ ಅಂಗಿ ಹಾಕಿಕೊಂಡು ಒಳಗೆ ಕಾಲಿಟ್ಟೆ. ಹರಟುತ್ತಿದ್ದ ಹುಡುಗ ಹುಡುಗಿಯರೆಲ್ಲ ಗಪ್‌ಚಿಪ್. ಪುಸ್ತಕ ತೆಗೆದರು. ಮುಂದಿನ ಬೆಂಚಿನವನು, ಸರ್, ಇವತ್ತೇ ಬರೆದುಕೊಳ್ಳಬೇಕಾ ಅಂತ ಕೇಳಿದ. ನಾನು 'ನಾಟ್ ನೆಸೆಸರಿ' ಅಂದು ಹಿಂದೆ ಹೋಗಿ ಕೂತೆ. ಆಮೇಲೆ ನಿಜವಾದ ಟೀಚರ್ ಬಂದಳು. ಎಲ್ಲರೂ ಒಟ್ಟಿಗೆ ತಿರುಗಿ ನನ್ನನ್ನೇ ನೋಡಿದರು.

ಈ ಓದು ಮುಗಿಸಿದವರು ಹಲ್ಲಿಲ್ಲದವರ ಎದುರಿಗೆ ತಾವೇ ಕೂತು, ತಾವೇ ಅಚ್ಚು ತೆಗೆದು, ಹಲ್ಲು ಮಾಡಿ, ತಮ್ಮ ಕೈಯಿಂದಲೇ ಬಾಯಿಗೆ ಕೂರಿಸಬಹುದು. ನಡುವೆ ಡಬ್ಬಿ ಇಲ್ಲ. ಯಾಕೆ ಬೇಕಿತ್ತು ಅಂದರೆ, ಹೋದ ವರ್ಷ ನಾನು ಮಾಡಿದ ಒಂದು ಸೆಟ್ಟು ಮತ್ತೆ ಮತ್ತೆ ವಾಪಸ್ ಬಂತು. ಜೊತೆಗೆ ಒಂದು ಚೀಟಿ, 'ರೋಗಿಗೆ ಸಮಾಧಾನವಿಲ್ಲ.' ಏನು ಅಸಮಾಧಾನ? ಒತ್ತುತ್ತಾ, ಸಡಿಲವಾ, ಕನ್ನಡಿಯಲ್ಲಿ ಬೇರೆ ಯಾರೋ ಕಾಣ್ತಾರಾ? ಅದನ್ನು ಬರೆಯುವುದಿಲ್ಲ. ನಾನು ಕುರುಡ ಕತ್ತಲೆಯಲ್ಲಿ ತಡಕಿದ ಹಾಗೆ ಇಲ್ಲಿ ಉಜ್ಜಿದೆ, ಅಲ್ಲಿ ಉಜ್ಜಿದೆ, ಕಳಿಸಿದೆ. ಒಂದು ಸಲ ಹೋದದ್ದು ಬರಲೇ ಇಲ್ಲ. ಸರಿಹೋಯಿತೋ, ಆ ಮನುಷ್ಯ ಸೋತು ಸುಮ್ಮನಾದನೋ, ಹೋಗೇಬಿಟ್ಟನೋ, ಯಾರನ್ನು ಕೇಳಲಿ? ಇಷ್ಟು ವರ್ಷ ಹಲ್ಲು ಮಾಡಿದ್ದೇನೆ, ಅದರಲ್ಲಿ ಒಬ್ಬರು ಒಂದು ತುತ್ತು ತಿಂದದ್ದನ್ನು ನೋಡಿಲ್ಲ.

ವೀಸಾಕ್ಕೆ ತೊಂದರೆ ಇಲ್ಲವಾ ಅಂತ ಕೇಳ್ತೀಯ. ಕೆಲಸದ ವೀಸಾದ ಮೇಲೆ ಇರುವವನು ಕೆಲಸ ಬಿಡದೆ ಸಂಜೆ ಓದಬಹುದು. ಕೇಳಿಕೊಂಡೇ ಸೇರಿದೆ. ಬೆಟರ್ ಲೇಟ್ ದ್ಯಾನ್... ಇದು ಪೂರ್ತಿ ಗೊತ್ತು, ಬರೆಯುವುದಿಲ್ಲ.

ನಲ್ಲಿ ರಿಪೇರಿಗೆ ಲೆಕ್ಕದ ಮೇಷ್ಟ್ರು ಯಾಕೆ? ಆ ಊರಲ್ಲಿ ನಲ್ಲಿಯವನು ಇರಲಿಲ್ಲವಾ?

ಅಪ್ಪ


ಆಗಸ್ಟ್ ೨೫

ಅಪ್ಪ,

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿನ್ನದು ಬೇರೆಯೇ. ಹಲ್ಲೂ ನಿನ್ನ ಹತ್ತಿರವೇ ಇದೆ, ಡಬ್ಬಿ ಡಬ್ಬಿ. ಕಡಲೆಗೆ ಈಗ ಅರ್ಜಿ ಹಾಕಿದ್ದೀಯ.

ಚಿಕ್ಕಮ್ಮನಿಗೆ ಸ್ವಲ್ಪ ನಿರಾಶೆಯೇ ಆಯಿತು. ನನಗೆ ಖುಷಿ. ನಾನು ಹತ್ತನೇ ತರಗತಿಯಲ್ಲಿ ಪುಸ್ತಕದ ಮೇಲೆ ನಿದ್ದೆ ಹೋಗುತ್ತಿದ್ದಾಗ ತಣ್ಣೀರು ಚಿಮುಕಿಸುತ್ತಿದ್ದವನು ನೀನು. ಈಗ ನನ್ನ ಸರದಿ. ಕೂತ್ಕೋ. ಕನ್ನಡಿ ತಗೋ.

ತುಟಿಯ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. 'ಊ' ಅನ್ನು, ಬಿಗಿಯುತ್ತೆ. ಅದರ ಹಿಂದೆ ಹಲ್ಲುಗಳ ಗೋಡೆ. ಗೋಡೆ ಹೋದರೆ ಬಳೆಗೆ ಆಸರೆ ಹೋಗುತ್ತೆ, ಬಾಯಿ ಒಳಕ್ಕೆ ಕುಸಿಯುತ್ತೆ. ಇನ್ನೊಂದು ಕೆನ್ನೆಯ ಎಲುಬಿನಿಂದ ಇಳಿದು ತುಟಿಯ ಮೂಲೆಗೆ ಬರುತ್ತೆ. ನಗುವಾಗ ಮೂಲೆಯನ್ನು ಮೇಲಕ್ಕೆಳೆಯುವುದು ಅದೇ. ಕೆನ್ನೆಯ ಗೋಡೆಯಲ್ಲೇ ಒಂದಿದೆ, ಊಟ ಮಾಡುವಾಗ ತುತ್ತನ್ನು ಒಳಕ್ಕೆ, ಹಲ್ಲಿನ ನಡುವಿಗೆ ತಳ್ಳುತ್ತಿರುತ್ತೆ. ನಿಜವಾಗಿ ನಕ್ಕರೆ ಕಣ್ಣಿನ ಸುತ್ತಲಿನದೂ ಸೇರಿಕೊಳ್ಳುತ್ತೆ. ಫೋಟೋಕ್ಕೆ ನಕ್ಕರೆ ಸೇರಲ್ಲ. ನಿನ್ನ ಪಾಸ್‌ಪೋರ್ಟ್ ನೋಡಿಕೋ, ಗೊತ್ತಾಗುತ್ತೆ. ಒಂದೊಂದರ ಚಿತ್ರ ಬರೆದಿಟ್ಟಿದ್ದೇನೆ. ಬಾಯಿಪಾಠ ಮಾಡಬೇಡ, ಬೇಕರಿಯವನು ತಿನ್ನುವಾಗ ನೋಡು.

ಎಷ್ಟು ಕಾಲದ ಓದು ಇದು ಅಂತ ಎಲ್ಲೂ ಬರೆದಿಲ್ಲ. ಮಾರ್ಚ್‌ಗೆ ಮುಗಿಯುತ್ತಾ?

ಈ ಊರಲ್ಲಿ ನಲ್ಲಿಯವನು ಇದ್ದಾನೆ. ಕರೆದರೆ ಬರಲ್ಲ.

ನಿನ್ನ ಇನ್ನೊಬ್ಬ ಟೀಚರ್


ಸೆಪ್ಟೆಂಬರ್ ೨೨

ಟೀಚರ್‌ಗೆ ನಮಸ್ಕಾರಗಳು,

ಬೇಕರಿಯವನು ತಿನ್ನುವಾಗ ನೋಡು ಅಂದೆ, ನೋಡಿದೆ. ಒಂದು ವಾರ ತಡೆದುಕೊಂಡ. ಆಮೇಲೆ ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತ. "ಅಣ್ಣಾ, ನನ್ನ ಹಲ್ಲು ಗಟ್ಟಿ ಇದೆ, ನಿನಗೆ ಗಿರಾಕಿ ಆಗಲ್ಲ" ಅಂತಾನೆ. ಆದರೆ ನಿನ್ನ ಚಿತ್ರಗಳಿಂದ ಪರೀಕ್ಷೆಯಲ್ಲಿ ಪಾಸಾದೆ. ಸಾಧಾರಣ ಪಾಸಲ್ಲ, ಕನ್ನಡಕದವಳು ಹಾಳೆ ಕೊಡುವಾಗ ತಲೆ ಎತ್ತಿ ನೋಡಿದಳು. ಅವಳ ಲೆಕ್ಕದಲ್ಲಿ ಅದು ಹಾರ ಹಾಕಿದ ಹಾಗೆ.

ಮೊನ್ನೆ ಒಂದು ಅವಾಂತರವಾಯಿತು. ಒಂದು ದಿನದ ಮಟ್ಟಿಗೆ ನಮ್ಮನ್ನು ಕಾಲೇಜಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಒಬ್ಬೊಬ್ಬರ ಮುಂದೆ ಒಬ್ಬೊಬ್ಬರು. ನನ್ನ ಪಾಲಿಗೆ ಒಬ್ಬ ಮುದುಕ, ಒಂದು ಹಲ್ಲೂ ಇಲ್ಲ, ಕುರ್ಚಿಯಲ್ಲಿ ರಾಜನ ಹಾಗೆ ಕೂತಿದ್ದಾನೆ. ಲ್ಯಾಬಿನಲ್ಲಿ ನಾವು ಪ್ಲಾಸ್ಟರಿನ ದವಡೆಯನ್ನು ಹೇಗೆ ನೋಡುತ್ತೇವೆ? ಕೈಗೆತ್ತಿಕೊಂಡು, ತಲೆಕೆಳಗು ಮಾಡಿ, ದೀಪದ ಕಡೆ ತಿರುಗಿಸಿ. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಸೀದಾ ಹೋಗಿ ಮುದುಕನ ಗದ್ದ ಹಿಡಿದು ಕಿಟಕಿಯ ಕಡೆಗೆ ತಿರುಚಿತು, ಇನ್ನೊಂದು ಕೈ ನೆತ್ತಿ ಹಿಡಿದು ಬಗ್ಗಿಸಿತು. ಅವನು ಅರ್ಧ ಎದ್ದ. "ಸ್ವಾಮಿ," ಅಂದ, "ಇದು ನನ್ನ ಕುತ್ತಿಗೆಗೆ ಅಂಟಿಕೊಂಡಿದೆ." ಇಡೀ ಕ್ಲಿನಿಕ್ಕು ನಕ್ಕಿತು. ಕನ್ನಡಕದವಳೂ ನಕ್ಕಳು, ಕಣ್ಣಿನ ಸುತ್ತಲಿನದೂ ಸೇರಿ. ನಾನು ಐ ಬೆಗ್ ಯುವರ್ ಪಾರ್ಡನ್, ಐ ಬೆಗ್ ಯುವರ್ ಪಾರ್ಡನ್ ಅಂತ ಬೆವರಿದೆ. ಆಮೇಲೆ ಅವನೇ ನನ್ನ ಬೆರಳು ಬೆಚ್ಚಗಿದೆ ಅಂತ ಸಮಾಧಾನ ಹೇಳಿದ. ಚೂಟಿ, ವಸಡು ಇಷ್ಟು ಮೆತ್ತಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಮುಟ್ಟಿದ್ದೆಲ್ಲ ಕಲ್ಲಿನ ಹಾಗೆ ಗಟ್ಟಿ. ಇದು ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ.

ಆ ದಿನದ ಮೇಲೆ ಕಾಲೇಜಿನ ಆಫೀಸಿನವರು ನನ್ನ ವೀಸಾ ಬಗ್ಗೆ ಏನೋ ಕೇಳಿದ್ದಾರೆ. ಚಿಕ್ಕ ವಿಷಯ.

ನಲ್ಲಿಯವನು ಕರೆದರೆ ಬರಲ್ಲ, ಲೆಕ್ಕದ ಮೇಷ್ಟ್ರು ಕರೆಯದಿದ್ದರೂ ಬರ್ತಾನಾ?

ಅಪ್ಪ


ಅಕ್ಟೋಬರ್ ೧೯

ಅಪ್ಪ,

ಬರ್ತಾರೆ. ಕರೆಯದಿದ್ದರೂ ಬರ್ತಾರೆ.

ಇದನ್ನು ಬರೆಯಲು ನಾನು ಎಷ್ಟು ಹಾಳೆ ಹರಿದೆನೋ. ನಿನಗೆ ಓದಿನ ನಾಚಿಕೆ ಆದ ಹಾಗೆ ನನಗೆ ಇದರ ನಾಚಿಕೆ. ನಾನೂ ಮೇಷ್ಟ್ರೂ ಮದುವೆಯಾಗಬೇಕು ಅಂತ ಇದ್ದೇವೆ. ಮೇಷ್ಟ್ರಿಗೆ ತಂದೆ ತಾಯಿ ಇಲ್ಲ, ಒಬ್ಬ ಅಕ್ಕ. ಅವರು ಒಪ್ಪಿದ್ದಾರೆ. ಚಿಕ್ಕಮ್ಮ ನಿನಗೆ ಗೊತ್ತಲ್ಲ, ಸೀರೆಯ ಬಣ್ಣದವರೆಗೆ ಹೋಗಿಬಿಟ್ಟಿದ್ದಾಳೆ. ಮೇಷ್ಟ್ರು ಒಳ್ಳೆಯವರು, ಸ್ವಲ್ಪ ಅತಿ ನಿಧಾನ. ಒಂದು ಪ್ರಶ್ನೆ ಕೇಳಿದರೆ ಮೊದಲು ಕನ್ನಡಕ ಒರೆಸುತ್ತಾರೆ. ನೀನು ನೋಡಿದರೆ ಆಡಿಕೊಳ್ತೀಯ. ಆಡಿಕೋ, ಆದರೆ ಅವರ ಮುಂದೆ ಬೇಡ.

ಮಾರ್ಚ್ ಕೊನೆಗೆ ನಿನ್ನ ವೀಸಾ ಮುಗಿಯುತ್ತೆ, ಆದ್ದರಿಂದ ಏಪ್ರಿಲ್‌ನಲ್ಲಿ ಮದುವೆ. ಒಂದು ಮನೆ ನೋಡಿದ್ದೇವೆ. ಅದರಲ್ಲಿ ಮುಂದಿನ ಕೋಣೆ ನಿನಗೆ. ಕಿಟಕಿ ರಸ್ತೆಯ ಕಡೆಗೆ. ಕೂತರೆ ಬಸ್ಸು ಹತ್ತುವವರು ಇಳಿಯುವವರು ಎಲ್ಲ ಕಾಣ್ತಾರೆ. ನೀನು ಇನ್ನು ಯಾರ ಜೊತೆಗೂ ಪಾಳಿಯಲ್ಲಿ ನಿದ್ದೆ ಮಾಡಬೇಕಾಗಿಲ್ಲ. ಮೇಷ್ಟ್ರೇ ನಿಂತು ಆ ಕೋಣೆಗೆ ಸುಣ್ಣ ಹೊಡೆಸ್ತಾ ಇದ್ದಾರೆ.

ನಿನ್ನ ಓದೂ ಅಷ್ಟರಲ್ಲಿ ಮುಗಿಯುತ್ತಲ್ಲ. ಇಲ್ಲಿ ಬಂದು ನಿಧಾನವಾಗಿ ಏನಾದರೂ ಮಾಡಿದರಾಯಿತು.

ಚೂಟಿ


ನವೆಂಬರ್ ೧೪

ಚಿರಂಜೀವಿ ಸೌಭಾಗ್ಯವತಿಯಾಗಲಿರುವ ಮಗಳಿಗೆ ಅಪ್ಪನ ಶುಭಾಶೀರ್ವಾದಗಳು.

ನಿನ್ನ ಕಾಗದ ತಲುಪಿ ಪರಮ ಸಂತೋಷವಾಯಿತು. ನಿನ್ನ ಆಯ್ಕೆಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಮೇಷ್ಟ್ರಿಗೂ ಅವರ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸು. ಮನೆಯೂ ಚೆನ್ನಾಗಿರುವಂತಿದೆ. ಏಪ್ರಿಲ್‌ಗೆ ಖಂಡಿತ ಬರುತ್ತೇನೆ. ಉಳಿದದ್ದು ಆಮೇಲೆ ಬರೆಯುತ್ತೇನೆ.

ಅಪ್ಪ


ಡಿಸೆಂಬರ್ ೮

ಅಪ್ಪ,

ಯಾರು ಸತ್ತರು?

ಒಂದೇ ಪುಟ. ಒಂದು ಹಳಸಲು ಇಂಗ್ಲಿಷ್ ಗಾದೆ ಇಲ್ಲ. ಬೇಕರಿಯವನ ಸುದ್ದಿ ಇಲ್ಲ. 'ಪರಮ ಸಂತೋಷ' ಅಂತೆ, 'ಪೂರ್ಣ ಒಪ್ಪಿಗೆ' ಅಂತೆ. ನೀನು ಬೀದಿಯಲ್ಲಿ ಸಿಕ್ಕಿದ ಅಪರಿಚಿತನಿಗೂ ಇದಕ್ಕಿಂತ ಉದ್ದ ಕಥೆ ಹೇಳ್ತೀಯ. ಮೇಷ್ಟ್ರು ಓದಿ ಕನ್ನಡಕ ಒರೆಸಿಕೊಂಡು, "ನಿಮ್ಮಪ್ಪನಿಗೆ ನಾನು ಇಷ್ಟ ಆಗಿಲ್ಲ" ಅಂದರು. ಅವರ ಜಾತಿ ನಮ್ಮದಲ್ಲ ಅಂತಲೇ? ಹಾಗಿದ್ದರೆ ಹಾಗೆ ಬರಿ, ನಾನು ಜಗಳ ಆಡ್ತೀನಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದರೆ ಯಾರ ಜೊತೆ ಜಗಳ ಆಡಲಿ?

ಚೂಟಿ


ಜನವರಿ ೩

ಚೂಟಿ,

ಛೆ ಛೆ. ಜಾತಿಯ ಮಾತು ನನ್ನ ತಲೆಯ ಹತ್ತಿರವೂ ಸುಳಿದಿಲ್ಲ. ಮೇಷ್ಟ್ರಿಗೆ ಹೇಳು, ಕರೆಯದೆ ಬಂದು ನಲ್ಲಿ ಸರಿಮಾಡುವವನಿಗಿಂತ ಒಳ್ಳೆಯ ಅಳಿಯ ನನಗೆ ಎಲ್ಲಿ ಸಿಗಬೇಕು? ತಪ್ಪು ಅವರದಲ್ಲ, ಆ ಕೋಣೆಯದು. ಕಿಟಕಿ, ಸುಣ್ಣ, ಎಲ್ಲ ಓದಿದೆ. ನುಂಗಲಾರದೆ ಉಗುಳಲಾರದೆ ಕೂತಿದ್ದೆ, ಅದಕ್ಕೇ ಒಂದು ಪುಟ.

ಓದು ಮಾರ್ಚ್‌ಗೆ ಮುಗಿಯುವುದಿಲ್ಲ. ಮಾರ್ಚ್‌ಗೆ ಮುಗಿಯುವುದು ಪಾಠ ಕೇಳುವ ಭಾಗ. ಇನ್ನೂ ಎರಡು ವರ್ಷ ಕ್ಲಿನಿಕ್ಕು. ನೀನು ಕೇಳಿದ್ದೆ, ನಾನು ಮುದುಕನ ಗದ್ದದ ಕಥೆ ಹೇಳಿ ತಪ್ಪಿಸಿಕೊಂಡೆ.

ಆಫೀಸಿನವರು ಕೇಳಿದ 'ಚಿಕ್ಕ ವಿಷಯ' ಇದು. ನನ್ನ ವೀಸಾ ಹೇಳುವುದು ಇಷ್ಟೇ, ಈ ಮನುಷ್ಯ, ಈ ಲ್ಯಾಬು, ಈ ಕೆಲಸ. ಪಾಠ ಕೇಳಬಹುದು. ಆದರೆ ವಾರವಾರ ಕ್ಲಿನಿಕ್ಕಿನಲ್ಲಿ ಕೂತು ಜನರ ಬಾಯಿಗೆ ಕೈ ಹಾಕಿದರೆ ಅದು ಬೇರೆ ಕಡೆ ಮಾಡಿದ ಕೆಲಸ. ಸಂಬಳ ಇಲ್ಲದಿದ್ದರೂ ಕೆಲಸವೇ. ಅದಕ್ಕೆ ವಿದ್ಯಾರ್ಥಿಯ ವೀಸಾ ಬೇಕು. ಅದನ್ನು ಇಲ್ಲಿ ಕೂತು ಕೇಳುವ ಹಾಗಿಲ್ಲ, ಸ್ವದೇಶಕ್ಕೆ ಹೋಗಿ ಕೇಳಬೇಕು. ಕೊಡಬಹುದು, ಕೊಡದಿರಬಹುದು. ಕೊಡದಿದ್ದರೆ ಓದೂ ಹೋಯಿತು, ಲ್ಯಾಬೂ ಹೋಯಿತು.

ಲ್ಯಾಬಿನ ಯಜಮಾನ ಕೆಟ್ಟವನಲ್ಲ. ಒಳಗೆ ಕರೆದು ಕೂರಿಸಿ ಹೇಳಿದ. "ನಿನ್ನ ವೀಸಾ ಮುಂದುವರಿಸು ಅಂದರೆ ಇವತ್ತೇ ಸಹಿ ಹಾಕ್ತೀನಿ. ನಿನ್ನಂಥ ಕೈ ನನಗೆ ಸಿಗಲ್ಲ. ಆದರೆ ಒಂದು ಸಲ ಬಾಯಿ ನೋಡಿದವನು ಡಬ್ಬಿಗೆ ವಾಪಸ್ ಬರಲ್ಲ. ಕ್ಲಿನಿಕ್ಕಿನ ಆಸೆ ಬಿಟ್ಟುಬಿಡು, ಇಲ್ಲೇ ಇರು." ನಾನು ಥ್ಯಾಂಕ್ಯೂ ಸರ್ ಅಂದೆ.

ಇಷ್ಟು ದಿನ ತೂಗಿ ನೋಡಿದೆ. ಕಾಲೇಜಿನಲ್ಲಿ ಹೆಸರು ತೆಗೆಸಿ, ಲ್ಯಾಬಿಗೂ ನಮಸ್ಕಾರ ಹೇಳಿ, ಊರಿಗೇ ಬಂದುಬಿಡುತ್ತೇನೆ. ನಿನ್ನ ಮದುವೆ ಆಗಬೇಕು, ಕೋಣೆ ತಯಾರಿದೆ. ಈ ವಯಸ್ಸಿನಲ್ಲಿ ವೀಸಾ ಆಫೀಸಿನ ಕಿಟಕಿಯ ಮುಂದೆ ನಿಂತು ನಾನು ವಿದ್ಯಾರ್ಥಿ ಅಂದರೆ ಅವರಿಗೆ ನಗು ಬರುವುದಿಲ್ಲವಾ? ನನಗೇ ಬರುತ್ತದೆ. ನಿನಗೋಸ್ಕರ ಇಷ್ಟು ಮಾಡದಿದ್ದರೆ ಅಪ್ಪ ಅನ್ನಿಸಿಕೊಂಡು ಏನು ಬಂತು? ನಿನ್ನ ಅಮ್ಮ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದಳು. ಆಲ್ ಈಸ್ ವೆಲ್.

ಅಪ್ಪ


ಜನವರಿ ೨೮

ಅಪ್ಪ,

ಅಮ್ಮನ ಬಾಯಲ್ಲಿ ನಿನ್ನ ಮಾತು ಹಾಕಬೇಡ. ಅಮ್ಮ ಏನು ಹೇಳುತ್ತಿದ್ದಳು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನು ಏನು ಹೇಳ್ತೀನಿ ಅಂತ ಕೇಳು.

ನನಗೋಸ್ಕರ ಅಂತ ಬರೆದೆಯಲ್ಲ, ಆ ಮಾತು ಓದಿ ನನಗೆ ಮೈ ಉರಿಯಿತು. ನಾಳೆ ನೀನು ಆ ಕೋಣೆಯಲ್ಲಿ ಕೂತು ಬಸ್ಸು ನೋಡ್ತಾ ಇರ್ತೀಯ. ನಾನು ಟೀ ತಂದು ಕೊಡ್ತೀನಿ. ನೀನು ಆಲ್ ಈಸ್ ವೆಲ್ ಅಂತೀಯ. ನಾನು ನಿನ್ನ ಮುಖ ನೋಡಿ ಇವನನ್ನು ಇಲ್ಲಿ ಕೂರಿಸಿದ್ದು ನಾನೇ ಅಂದುಕೊಳ್ತೀನಿ. ಪ್ರತಿ ದಿನ. ನನಗೆ ಅಂಥ ಅಪ್ಪ ಬೇಡ. ಹೆದರಿಕೆ ನಿನಗೆ, ಕಾರಣ ನಾನಾ? ಕಿಟಕಿಯವರು ನಗ್ತಾರೆ ಅಂತ ಹೆದರಿಕೆ ಇದ್ದರೆ ಹೆದರಿಕೆ ಅಂತಲೇ ಬರಿ.

ನಾನೂ ಒಂದು ಸತ್ಯ ಹೇಳಿಬಿಡ್ತೀನಿ. ನಿನ್ನ ಕಾಗದ ಓದಿದಾಗ ಮೊದಲು ಆದದ್ದು ಖುಷಿಯೇ. ಅಬ್ಬ, ಬಂದುಬಿಡ್ತಾನೆ, ಇನ್ನು ಹೋಗಲ್ಲ ಅಂತ. ಒಂದು ಇಡೀ ಸಂಜೆ ಹಾಗೇ ಇದ್ದೆ. ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕ ಒರೆಸಿದರು. "ಒಬ್ಬ ಹುಡುಗ ಪಾಸಾಗ್ತಾ ಇದ್ದಾನೆ," ಅಂದರು, "ನೀನೇ ಅವನ ಟಿ.ಸಿ. ಬರೆದುಕೊಡ್ತಾ ಇದ್ದೀಯ." ಇಡೀ ವಾರದಲ್ಲಿ ಅವರು ಆಡಿದ್ದು ಅದೊಂದೇ ಮಾತು.

ನೀನು ಇಲ್ಲೇ ಇರಬೇಕು ಅಂತ ನನಗೆ ಈಗಲೂ ಆಸೆ. ಆದರೆ ಆ ಆಸೆ ನನ್ನದು, ಅದನ್ನು ನಾನು ನೋಡಿಕೊಳ್ತೀನಿ. ಹೆಸರು ತೆಗೆಸಬೇಡ. ಮದುವೆಗೆ ಬಾ, ಉಂಡು ಎದ್ದು ಹೋಗಿ ಆ ಕಿಟಕಿಯ ಮುಂದೆ ನಿಂತುಕೋ. ನಕ್ಕರೆ ನಗಲಿ. ಯಾವ ಯಾವ ಸ್ನಾಯು ಕೆಲಸ ಮಾಡುತ್ತೆ ಅಂತ ನಿನಗೆ ಗೊತ್ತಿದೆ.

ಚೂಟಿ


ಫೆಬ್ರವರಿ ೨೪

ಚೂಟಿಗೆ,

ಹೆದರಿಕೆ. ಬರೆದಿದ್ದೇನೆ, ನೋಡಿಕೋ.

ಹೆಸರು ತೆಗೆಸಿಲ್ಲ. ಯಜಮಾನನಿಗೆ ಸಹಿ ಬೇಡ ಅಂದೆ. ಅವನು ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ, ಆಮೇಲೆ ಕೋಪ ಮಾಡಿಕೊಂಡು ಫೋನ್ ತೆಗೆದುಕೊಂಡ. ನನ್ನ ಕುರ್ಚಿಗೆ ಬೇರೆಯವರನ್ನು ಕರೆಸುತ್ತಿದ್ದಾನೆ. ಸರಿಯೇ, ಡಬ್ಬಿಗಳು ಕಾಯುವುದಿಲ್ಲ. ಬೇಕರಿಯವನು ನನ್ನ ಮಂಚವನ್ನು ಯಾರಿಗೂ ಕೊಡಬೇಡಿ ಅಂತ ಮನೆ ಒಡತಿಯ ಹತ್ತಿರ ಜಗಳ ಆಡಿ ಬಂದ. ಕೇಳಿಯೇ ಇರಲಿಲ್ಲ ನಾನು.

ಮಿಕ್ಕದ್ದು ಎದುರಿಗೆ ಸಿಕ್ಕಾಗ. ಮಾರ್ಚ್ ಕೊನೆಗೆ ಬರುತ್ತೇನೆ. ಮೇಷ್ಟ್ರಿಗೆ ಒಂದು ಕನ್ನಡಕ ಒರೆಸುವ ಬಟ್ಟೆ ತರುತ್ತಿದ್ದೇನೆ. ಆಡಿಕೊಳ್ಳಲು ಅಲ್ಲ, ಒಳ್ಳೆಯ ಬಟ್ಟೆ.

ಅಪ್ಪ


ಸೆಪ್ಟೆಂಬರ್ ೩೦

ಅಪ್ಪ,

ಮದುವೆ, ವೀಸಾ ಎಲ್ಲ ಮುಗಿದು ನೀನು ಹೋದ ಮೇಲೆ ಮನೆ ಇಷ್ಟು ಸದ್ದಿಲ್ಲದೆ ಇದೆ ಅಂದರೆ, ಮೇಷ್ಟ್ರು ಯೋಚನೆ ಮಾಡುವುದೂ ಕೇಳಿಸುತ್ತೆ. ನಿನ್ನ ಕೋಣೆಯಲ್ಲಿ ಈಗ ಸಂಜೆ ಅವರ ಟ್ಯೂಷನ್. ಬೇಜಾರಿಲ್ಲ ತಾನೆ?

ಒಂದು ಕೇಳಬೇಕು. ಇಲ್ಲಿದ್ದಾಗ ಕೇಳಲಾಗಲಿಲ್ಲ. ವೀಸಾ ಆಫೀಸಿನ ಹೊರಗೆ ನಾನೂ ಮೇಷ್ಟ್ರೂ ಕಾಯುತ್ತಿದ್ದೆವು. ನೀನು ಬಂದವನೇ 'ಕೊಟ್ಟರು' ಅಂದೆ, ಅಷ್ಟೇ. ಆಮೇಲೆ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ನೀನು ಮಾತಾಡದೆ ಒಂದು ದಿನ ಕಳೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಕಿಟಕಿಯ ಹತ್ತಿರ ಏನಾಯಿತು?

ಚೂಟಿ


ಅಕ್ಟೋಬರ್ ೨೭

ಚೂಟಿಗೆ,

ಟ್ಯೂಷನ್ ಇಟ್ಟದ್ದು ಒಳ್ಳೆಯದೇ ಆಯಿತು. ಕೋಣೆ ಖಾಲಿ ಬಿದ್ದಿದ್ದರೆ ನೀನು ದಿನಾ ಗುಡಿಸಿ ದಿನಾ ನನ್ನನ್ನು ಬೈಯುತ್ತಿದ್ದೆ.

ಕಿಟಕಿಯ ಹಿಂದೆ ಒಬ್ಬಳು ಕೂತಿದ್ದಳು. ಮೇಷ್ಟ್ರು ನನಗೆ ಒಂದು ವಾರ ಬಾಯಿಪಾಠ ಮಾಡಿಸಿದ್ದರಲ್ಲ, ವಿತ್ ಎ ವ್ಯೂ ಟು ಅಂತ ಶುರುವಾಗುವ ಉದ್ದನೆಯದು, ಅವಳು ತಲೆ ಎತ್ತಿದ ಕೂಡಲೇ ಅದು ಹಕ್ಕಿಯ ಹಾಗೆ ಹಾರಿಹೋಯಿತು. ಈ ವಯಸ್ಸಿನಲ್ಲಿ ಯಾಕೆ ಅಂತ ಕೇಳಿದಳು. ನಾನು ಅಂದೆ, "ಮೇಡಂ, ಐ ಮೇಕ್ ಟೀತ್. ಮೆನಿ ಮೆನಿ ಟೀತ್. ಐ ನೆವರ್ ಸೀ ಎನಿಬಡಿ ಈಟ್." ನಗಲಿಲ್ಲ ಕಣೇ. ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಇನ್ನೊಂದು ಕೇಳಿದಳು. ಓದು ಮುಗಿದ ಮೇಲೆ ಊರಿಗೆ ವಾಪಸ್ ಬರ್ತೀಯಾ? ಯೆಸ್ ಅಂದೆ. ತಕ್ಷಣ, ತಡವರಿಸದೆ. ಠಪ್ ಅಂತ ಮುದ್ರೆ ಒತ್ತಿದಳು.

ಹೊರಗೆ ಬಂದರೆ ನೀನು ನಿಂತಿದ್ದೆ. ಇದೇ ಮಾತನ್ನು ನೀನು ಒಂದು ವರ್ಷ ಕೇಳುತ್ತಿದ್ದೆ, ಆಮೇಲೆ ಕೇಳುವುದನ್ನೇ ಬಿಟ್ಟಿದ್ದೆ. ನಿನಗೆ ಕೊಡದ ಉತ್ತರವನ್ನು ಗಾಜಿನ ಹಿಂದಿನ ಯಾರಿಗೋ ಕೊಟ್ಟು ಬಂದಿದ್ದೆ. ಅದು ನಿಜವಾ ಅಂತ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಇವತ್ತೂ ಕೇಳಿಕೊಳ್ಳುತ್ತೇನೆ. ಬರಬೇಕು ಅಂತ ಇದೆ. ಬಂದರೆ ಬಸ್ಸು ನೋಡಲು ಬರುವುದಿಲ್ಲ, ಒಂದು ಕುರ್ಚಿ ಹಾಕಿಕೊಂಡು ಜನರ ಎದುರು ಕೂರಲು ಬರುತ್ತೇನೆ. ಇಷ್ಟು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ. ಇದಕ್ಕಿಂತ ಹೆಚ್ಚು ಹೇಳಿದರೆ ಮತ್ತೆ ಪರಮ ಸಂತೋಷ, ಪೂರ್ಣ ಒಪ್ಪಿಗೆಯ ಕಾಗದ ಆಗಿಬಿಡುತ್ತದೆ.

ಈಗ ಇಲ್ಲಿಯ ಸುದ್ದಿ. ನನ್ನ ಮೊದಲ ಸೆಟ್ಟು ಒಬ್ಬ ಅಜ್ಜಿಗೆ. ಅಚ್ಚಿನಿಂದ ಹೊಳಪಿನವರೆಗೆ ಎಲ್ಲ ನಾನೇ. ಕೂರಿಸಿದ ದಿನ ಅವಳು ಕನ್ನಡಿ ಬೇಡ ಅಂದಳು. ಚೀಲದಿಂದ ಫೋನ್ ತೆಗೆದು ತನ್ನ ತಂಗಿಗೆ ಮಾಡಿ, ಏನೋ ಹಳೆಯ ಜಗಳ ತೆಗೆದು ಬೈಯಲು ಶುರುಮಾಡಿದಳು. ನಾವೆಲ್ಲ ಸುತ್ತ ನಿಂತಿದ್ದೇವೆ. ಬೈದು ಬೈದು ಕೊನೆಗೆ, ನನ್ನ ಧ್ವನಿ ಹೇಗಿದೆ ಅಂತ ಕೇಳಿದಳು. ಆ ಕಡೆಯಿಂದ ತಂಗಿ, "ಯಾಕೆ, ಯಾವಾಗಲೂ ಇರೋ ಹಾಗೇ ಇದೆ, ಗಂಟಲು ಹರಿಯೋ ಹಾಗೆ" ಅಂದಳಂತೆ. ಅಜ್ಜಿ ಫೋನ್ ಇಟ್ಟು ನನಗೆ ತಲೆಯಾಡಿಸಿ ಹೋದಳು. ಕನ್ನಡಕದವಳು ಪುಸ್ತಕದಲ್ಲಿ ಏನೋ ಗೀಚಿದಳು. ನಾನು ಗೆದ್ದೆ ಅಂದುಕೊಂಡೆ.

ಮುಂದಿನ ವಾರ ಅಜ್ಜಿ ವಾಪಸ್ ಬಂದಳು, ಮುಖ ಗಂಟು ಹಾಕಿಕೊಂಡು. ತಿನ್ನಲು ಆಗ್ತಾ ಇಲ್ಲ, ನೋವು. ಎಲ್ಲಿ ಅಂದೆ. ಎಡಗಡೆ ಅಂದಳು. ಎಡಗಡೆ ನೋಡಿದೆ, ಕೆಂಪೂ ಇಲ್ಲ, ಊತವೂ ಇಲ್ಲ. ಹಲ್ಲಿನ ಸೆಟ್ಟನ್ನು ತೆಗೆದು ದೀಪಕ್ಕೆ ಹಿಡಿದೆ, ಅಂಚೆಲ್ಲ ನುಣ್ಣಗಿದೆ. ಇಲ್ಲವಲ್ಲ ಅಂದೆ. ಅವಳಿಗೆ ರೇಗಿತು. "ನೋವು ಅದಕ್ಕಲ್ಲ, ನನಗೆ" ಅಂದಳು. ನನ್ನ ಕೈಯಿಂದ ಸೆಟ್ಟು ಕಿತ್ತು ತಟ್ಟೆಯಲ್ಲಿಟ್ಟು, ನನ್ನ ತೋರುಬೆರಳು ಹಿಡಿದು ಬಾಯೊಳಗೆ ಎಳೆದುಕೊಂಡಳು. ಕೆನ್ನೆಯ ಒಳಗೋಡೆ ಸವರಿಕೊಂಡು, ವಸಡಿನ ಹಿಂದಕ್ಕೆ, ನಾನು ಯಾವತ್ತೂ ಹೋಗದಷ್ಟು ಹಿಂದಕ್ಕೆ ಒಯ್ದು, ಒಂದು ಕಡೆ ಒತ್ತಿ ನಿಲ್ಲಿಸಿದಳು. ಬೆರಳು ಬಾಯಲ್ಲಿ ಇದ್ದದ್ದರಿಂದ ಮಾತು ಸರಿಯಾಗಿ ಬರಲಿಲ್ಲ, ಆದರೂ ನನಗೆ ತಿಳಿಯಿತು.

"ಇಲ್ಲಿ" ಅಂದಳು.

ಅಪ್ಪ